ಬಿಚ್ಚಾಣಿಕೆ

ಶಿಡ್ಲಘಟ್ಟದ ಲೈಬ್ರರಿಯಲ್ಲಿ ಕಪ್ಪು ರಟ್ಟಿನ ಪುಸ್ತಕ ಇರುವುದು ಒಂದೇ.
ಹನ್ನೊಂದು ಕಥೆ. ಹದಿನೈದು ದಿನದ ಸಾಲ.
ನಾಲ್ಕನೇ ಸಲ ಕೇಳಿದಾಗ
ಪಿಳ್ಳಪ್ಪನವರು ಸೀಲು ಒತ್ತುತ್ತಾ ತಲೆ ಎತ್ತಿದರು:
'ಏನಮ್ಮಾ, ನಿದ್ದೆ ಬರಲ್ವಾ ನಿಂಗೆ?'

ಬರುತ್ತೆ ಸಾರ್. ಅದೇ ತೊಂದರೆ.
ರಾತ್ರಿ ಪಾಳಿಯಲ್ಲಿ ತೂಕಡಿಸಿದರೆ
ಕುದಿಯುವ ಬೇಸಿನ್ನಿಗೆ ಕೈ ಹೋಗುತ್ತೆ.
ಹೋದ ಕಾರ್ತೀಕದಲ್ಲಿ ನನ್ನದು ಹೋಗಿತ್ತು.
ಅಂದಿನಿಂದ ನಾನು, ಅರ್ಧ ಕೂಲಿಗೆ,
ಉಳಿದವರು ಎಚ್ಚರ ಇರಲಿ ಅಂತ ಓದುವವಳು.

ಅಜ್ಜಿ ಹೇಳುತ್ತಿದ್ದ ದೆವ್ವಗಳು ಸುಲಭ.
ಹುಣಸೆಮರ ಬಿಟ್ಟು ಕದಲವು. ಪಾದ ಹಿಂದುಮುಂದು.
ಬಾಗಿಲ ಮೇಲೆ 'ನಾಳೆ ಬಾ' ಅಂತ ಸುಣ್ಣದಲ್ಲಿ ಬರೆದರೆ
ಓದಿಕೊಂಡು ವಾಪಸ್ಸು ಹೋಗುವಷ್ಟು ಮರ್ಯಾದೆ ಇತ್ತು ಅವಕ್ಕೆ.
ಈ ಪುಸ್ತಕದವು ಬಾಗಿಲು ತಟ್ಟುವುದೇ ಇಲ್ಲ, ಒಳಗೇ ಇವೆ.
ಕಾಲು ನೆಟ್ಟಗಿದೆ.
ಚಪ್ಪಲಿ ನನ್ನದೇ ಅಳತೆ.

ಒಂದು ಕಥೆಯಲ್ಲಿ ಮನೆಯ ಮೆಟ್ಟಿಲು
ದಿನಕ್ಕೊಂದು ಹೆಚ್ಚುತ್ತೆ, ಕೆಳಗಡೆಗೆ.
ಇನ್ನೊಂದರಲ್ಲಿ ಊರವರೆಲ್ಲ ಬೆಳಿಗ್ಗೆ ಐದಕ್ಕೆ
ತಂತಮ್ಮ ನೆರಳನ್ನು ಡೈರಿಗೆ ಹಾಕಿ ಬರುತ್ತಾರೆ;
ಕೊಬ್ಬಿನಂಶ ಸಾಲದು ಅಂತ ಒಬ್ಬಳದ್ದು ಮಾತ್ರ
ಕ್ಯಾನಿನಲ್ಲಿ ಹಾಗೇ ವಾಪಸ್ಸು.
ಮುನಿನಂಜಮ್ಮ ಇದಕ್ಕೆ ಬಿದ್ದು ಬಿದ್ದು ನಕ್ಕಳು.
ಆಮೇಲೆ ಎದ್ದು ಬಲ್ಬಿನ ಕೆಳಗೆ ನಿಂತು
ನೆಲ ನೋಡಿಕೊಂಡಳು.

ಎಲ್ಲಾ ಒಪ್ಪುತ್ತಾರೆ ಅಂತಲ್ಲ.
'ಕೊಳೆತ ವಾಸನೆಗೆ ಅವನು ಬೆಚ್ಚಿಬಿದ್ದ' ಅಂತ ಓದಿದರೆ
ಬೆಂದ ಹುಳ ಬುಟ್ಟಿಗೆ ಸುರಿಯುತ್ತಿದ್ದ ಶಾಹಿಸ್ತಾ ಆಪಾ,
'ವಾಸನೆಗಾ? ಮೂರು ದಿನ ಅಷ್ಟೇ.
ನಾಲ್ಕನೇ ದಿನ ಅಲ್ಲೇ ಕೂತು ಊಟ ಮಾಡ್ತಾನೆ, ಬರಕೋ.'

ಕಾರಣ ಹೇಳಿ ಮುಗಿಸುವ ಕಥೆಯೂ ಬೇಡ ಇವರಿಗೆ.
ಶಾಪ, ಕೊಲೆ, ಹುಚ್ಚು ಅಂತ ಗಂಟು ಬಿಚ್ಚಿದ ಕೂಡಲೇ
'ಥೂ, ನೀರಾಯ್ತು' ಅಂತ ಚರಕದ ಕಡೆ ತಿರುಗುತ್ತಾರೆ.
ದಿನವಿಡೀ ಬಿಚ್ಚುವವರು.
ಒಂದು ಗೂಡಿಗೆ ಏಳೆಂಟುನೂರು ಮೀಟರು ಎಳೆ,
ಕೊನೆಯಲ್ಲಿ ಏನಿರುತ್ತೆ ಅಂತ ಕೈಗೇ ಗೊತ್ತು:
ಕಂದು, ಕಿರುಬೆರಳ ಗೆಣ್ಣಿನಷ್ಟು, ಬೆಂದದ್ದು.
ಎಲ್ಲೋ ಒಂದಾದರೂ ಗೂಡು
ಗೂಢವಾಗೇ ಉಳಿಯಲಿ ಅಂತೇನೋ.

ಒಂಬತ್ತನೇ ಕಥೆ.
ಒಬ್ಬ ಹೆಂಗಸು ಸಂತೆಯಿಂದ ಮನೆಗೆ ಬರುತ್ತಾಳೆ.
ಗಂಡನಿಗೆ, ಮಗುವಿಗೆ, ನಾಯಿಗೆ, ಯಾರಿಗೂ ಗುರುತಿಲ್ಲ.
ಬೀಗಕ್ಕೆ ಕೀಲಿ ಕೂರುತ್ತೆ, ಅವಳಿಗೆ ಹೆಸರು ಕೂರುವುದಿಲ್ಲ.
ಅಷ್ಟೇ. ಒಂದು ಹನಿ ರಕ್ತ ಇಲ್ಲ.

ಚರಕಗಳು ಒಂದೊಂದಾಗಿ ನಿಂತವು.
'ಅದನ್ನ ಇನ್ನೊಂದ್ಸಲ ಓದು.'
ಓದಿದೆ.
'ಮೊನ್ನೆ ರೇಷನ್ ಅಂಗಡೀಲಿ,' ಅಂದಳು ಮುನಿನಂಜಮ್ಮ,
'ಹೆಬ್ಬೆಟ್ಟು ಇಟ್ಟೆ. ಮಿಷನ್ನು ಕೆಂಪು ತೋರಿಸ್ತು.
ಸೆರಗಲ್ಲಿ ಒರೆಸಿ ಇಟ್ಟೆ. ಎಡಗೈದು ಇಟ್ಟೆ.
ಇದು ನೀನಲ್ಲ ಅಂದ ಹುಡುಗ,
ನಾನು ಎತ್ತಿ ಆಡಿಸಿದವನು.'

ಇಪ್ಪತ್ತೆರಡು ವರ್ಷದ ಬಿಸಿನೀರು
ಬೆರಳಿನ ಗೆರೆಗಳನ್ನೂ ಎಳೆ ಹಿಡಿದು ಬಿಚ್ಚಿಕೊಂಡಿದೆ.

ಯಾರೂ ಮಾತಾಡಲಿಲ್ಲ. ಹಬೆ ಇತ್ತು.
ಆಮೇಲೆ ಅವಳೇ, 'ಗೊತ್ತಿದೆ ನೋಡೇ ಅವನಿಗೆ,
ಬರೆದೋನಿಗೆ!' ಅಂದಾಗ ಆ ದನಿಯಲ್ಲಿ,
ಹೇಗೆ ಹೇಳಲಿ, ಹೆದರಿಕೆಯೇ,
ಆದರೆ ಹಬ್ಬಕ್ಕೆ ತವರಿಂದ ಯಾರೋ ಬಂದ ಹಾಗೆ.
'ಎಲ್ಲೈತೆ ಆ ಸಾಲು, ತೋರಿಸು' ಅಂತ
ಅಕ್ಷರ ಬಾರದವಳು
ನೂರಾಹನ್ನೆರಡನೇ ಪುಟಕ್ಕೆ ಒದ್ದೆ ಹೆಬ್ಬೆಟ್ಟು ಒತ್ತಿದಳು.

ನಾಳೆ ಹಿಂತಿರುಗಿಸಬೇಕು.
ಪಿಳ್ಳಪ್ಪನವರು ಪುಟ ಎತ್ತಿ ನೋಡಿ ದಂಡ ಹಾಕಿದರೂ ಹಾಕಬಹುದು.
ಆಮೇಲೆ ಯಾರೋ ಒಯ್ಯುತ್ತಾರೆ,
ಮನೆಯವರೆಲ್ಲ ಮಲಗಿದ ಮೇಲೆ
ಮೊಬೈಲ್ ಬೆಳಕು ಹಿಡಿದು ಒಂಬತ್ತನೇ ಕಥೆಗೆ ಬರುತ್ತಾರೆ.
ಅಲ್ಲಿ, ಉಬ್ಬಿ ಒಣಗಿದ ಕಾಗದದಲ್ಲಿ,
ಒಂದು ಹೆಬ್ಬೆಟ್ಟು.
ಗೆರೆಯೇ ಇಲ್ಲದ್ದು.

ಎದ್ದು ದೀಪ ಹಾಕುತ್ತಾರೆ.