ಉದ್ರಿ ಪುಸ್ತಕ

ಖಬೂರಾದ ಹೆದ್ದಾರಿ ಬಿಟ್ಟು ಒಳಗೆ ಬಂದರೆ
ನನ್ನ ಅಂಗಡಿಯೇ ಕೊನೆ.
ಅಲ್ಲಿಂದಾಚೆ ಮೇಕೆ, ಜಾಲಿ, ಬಿಸಿಲು.
ಜನಗಣತಿಗೆ ಬಂದ ಶಮ್ಸಾ ಬಾಗಿಲಲ್ಲೇ ಕೇಳಿದಳು:
ಇಲ್ಲಿ ಮನೆ ಎಷ್ಟು?

ಬೀಗ ಹಾಕಿದ್ದೂ ಸೇರಿಸಿಯಾ, ಅಂದೆ.

ಅವಳ ಕೈಯಲ್ಲಿ ಹೊಳೆಯುವ ಟ್ಯಾಬ್,
ನನ್ನ ಕೈಯಲ್ಲಿ ಎಣ್ಣೆ ಕುಡಿದ ಪುಸ್ತಕ.
ಖಲ್ಫಾನನ ಹೆಸರೂ ಅದರಲ್ಲಿ ಕನ್ನಡದಲ್ಲೇ ಇದೆ,
ಮಹಾಪ್ರಾಣ ತಪ್ಪಿಸದೆ, ಮರ್ಯಾದೆಯಿಂದ.

ಅವನ ಕಸುಬು?
ನಸುಕಿಗೆ ಬಲೆ, ಮಧ್ಯಾಹ್ನ ಟ್ಯಾಕ್ಸಿ,
ಬೂತಾಯಿ ಬಿದ್ದ ವಾರ ಸಾಲ ತೀರಿಸುವವ.
ಅದಕ್ಕೆ ಅವಳಲ್ಲಿ ಖಾನೆ ಇಲ್ಲ.

ನೀರು?
ಬಾವಿಗೆ ಕಡಲು ನುಗ್ಗಿದೆ.
ಲಿಂಬೆ ಸತ್ತಿತು, ಖರ್ಜೂರ ಹಟ ಹಿಡಿದು ನಿಂತಿದೆ.
ಟ್ಯಾಂಕರಿನವ ಗುರುವಾರ ಬರುತ್ತಾನೆ, ಬಂದರೆ.
ನಮ್ಮ ಚಹಾದಲ್ಲಿ ಸಕ್ಕರೆಗಿಂತ ಮೊದಲು
ನಾಲಗೆಗೆ ಸಿಗುವುದು ಉಪ್ಪು.

ತೋಟದ ಶೆಡ್ಡಿನಲ್ಲಿ?
ಮೊಫಿಜುಲ್ ಒಬ್ಬನೇ ಅಂತ ಧಣಿ ಬರೆಸಿದ್ದಾನಂತೆ.
ನಾನು ಪುಟ ತಿರುವಿದೆ.
ದಿನಕ್ಕೆ ೪೦ ಖುಬೂಸ್, ಮೂರು ಕಟ್ಟು ಬೀಡಿ.
ಅವಳೂ ಬಗ್ಗಿ ನೋಡಿದಳು,
ಅವಳಿಗದು ಬರೀ ಸುರುಳಿ, ಸೊನ್ನೆ.
ನಾನು ಓದಿ ಹೇಳಲಿಲ್ಲ.

ಮತ್ತೆ ನೀವು, ಎಷ್ಟು ವರ್ಷ?
ಇಪ್ಪತ್ತೆರಡು.
ಕಾರ್ಡು ನೋಡಿದಳು: ಎರಡು.
ಹೌದು, ಎರಡೆರಡೇ ವರ್ಷದ ಹಾಗೆ, ಅಂದೆ.
ನಕ್ಕಳೋ, ಬಿಸಿಲಿಗೆ ಕಣ್ಣು ಕಿರಿದಾಯಿತೋ.

ಹೊರಡುವಾಗ ಒಂದು ಲಬಾನ್ ತೆಗೆದುಕೊಂಡಳು,
ಪರ್ಸು ತಡಕಿದಳು, ನೂರು ಬೈಸ ಕಮ್ಮಿ.
ಬಿಡಿ, ಆಮೇಲೆ ಕೊಡಿ ಎಂದು
ಅವಳ ಕಾರಿನ ಧೂಳು ಇಳಿಯುವುದರೊಳಗೆ
ಪೆನ್ಸಿಲು ಎಂಜಲು ಮಾಡಿ ಬರೆದುಕೊಂಡೆ:
ಶಮ್ಸಾ. ಗಣತಿಯವಳು. ನೂರು.
ಊರು, ಕೇಳಲಿಲ್ಲ.