ಹದಿನೇಳರ ತನಕ

ಉಸಿರು ನಿಲ್ಲುತ್ತದೆ.
ನಾನು ಎಣಿಸುತ್ತೇನೆ, ಪಾಯಿಂಟ್ಸ್‌ಮನ್ ಕೆಲಸದ ಚಾಳಿ:
ಬೀರೂರು ಕಡೆಯ ಗೂಡ್ಸು ಸಿಗ್ನಲ್ಲಿನಾಚೆ
ಸದ್ದಿಲ್ಲದೆ ನಿಂತಾಗಲೂ ಹೀಗೇ,
ಲೈನು ಸಿಗಲಿ ಅಂತ ಕಾಯುವುದು.
ಹನ್ನೊಂದು. ಹನ್ನೆರಡು.
ದಾಕ್ಷಾಯಿಣಿಯ ಗಂಟಲಲ್ಲಿ ಯಾವುದೋ ಕೆಂಪು ದೀಪ.
ಹದಿನೇಳಕ್ಕೆ ಒಂದು ಜಗ್ಗು,
ಬೋಗಿಗೆ ಬೋಗಿ ತಾಗಿದ ಹಾಗೆ ಮೈಯೆಲ್ಲ ಅದುರಿ
ಮತ್ತೆ ಹೊರಟಳು.

ಬೆಳಗ್ಗೆ ಕೇಳಿದರೆ, "ಚೆನ್ನಾಗೇ ಮಲಗಿದ್ದೆನಲ್ಲ.
ಯಾಕೋ ಸುಸ್ತು. ಮಾತ್ರೆ ಉಷ್ಣ."

ಎಲ್ಲ ಮಾತ್ರೆಯ ತಲೆಗೇ.
ಭಾನುವಾರ ಮಾತ್ರ ನುಂಗುವ ಹಳದಿ ಗುಳಿಗೆ,
ತಪ್ಪಿ ದಿನಾ ನುಂಗಿಯಾಳೆಂದು
ಡಬ್ಬಿ ನನ್ನ ಟ್ರಂಕಿನಲ್ಲಿ.
ಅನ್ಯಾಯ ಆಡಬಾರದು,
ಅವಳ ಮುಷ್ಟಿ ಮತ್ತೆ ಮುಚ್ಚುವ ಹಾಗೆ ಮಾಡಿದ್ದು ಅದೇ:
ಎರಡು ವರ್ಷದ ಮೇಲೆ ಈ ಯುಗಾದಿಗೆ
ತಾನೇ ಹೂರಣ ರುಬ್ಬಿದಳು.
ಮಿಕ್ಸಿಯಲ್ಲೇ ಸೈ, ಮುಚ್ಚಳ ತಾನೇ ತಿರುಗಿಸಿದಳು.

ಹಾಸನದ ಡಾಕ್ಟರು ಗೆಣ್ಣು ಗೆಣ್ಣು ಒತ್ತಿ ನೋಡುತ್ತಾರೆ.
ಬಾವು ಇಳಿದಿದೆ, ರಕ್ತದ ರಿಪೋರ್ಟು ಸರಿಯಿದೆ.
"ನಿದ್ದೆ ಬರುತ್ತಾ?"
"ಬರುತ್ತೆ ಸರ್."
ಸುಳ್ಳೇನಲ್ಲ. ನಿದ್ದೆ ಬರುತ್ತದೆ.
ಹೋಗುವುದು ಬೇರೆ.

ಹದಿನೇಳನ್ನು ಜೇಬಿನಲ್ಲಿಟ್ಟುಕೊಂಡೇ ಮೂರು ಸಲ
ಪ್ಯಾಸೆಂಜರು ಹಿಡಿದು ಅರಸೀಕೆರೆಗೆ ವಾಪಸು ಬಂದೆ.
ಹೆಂಡತಿ ಗೊರಕೆ ಹೊಡೆಯುತ್ತಾಳೆ ಅಂತ
ಅವಳೆದುರೇ, ಇನ್ನೊಬ್ಬರ ಮುಂದೆ,
ಹೇಗೆ ಹೇಳುವುದು.
ನಾಲ್ಕನೇ ಸಲ ಹೇಳಿದೆ.
ದಾರಿಯುದ್ದಕ್ಕೂ ಮಾತಿಲ್ಲ; ಕಿಟಕಿಯಲ್ಲಿ ತೆಂಗಿನಮರ ನೋಡುತ್ತ ಕೂತಳು.

ವೈರು ಅಂಟಿಸಿ ಒಂದು ರಾತ್ರಿ ಅಲ್ಲೇ ಮಲಗಿಸಿಕೊಂಡರು.
ಈಗ ಮಂಚದ ಪಕ್ಕ ಒಂದು ಮಿಷನ್ನು,
ಮೂಗಿಗೆ ಮಾಸ್ಕು, ಅದಕ್ಕೊಂದು ಕೊಳವೆ.
ಪಟ್ಟಿಯ ಕೊಕ್ಕೆ ಅವಳ ಬೆರಳಿಗೆ ಬಗ್ಗದು.
ಮೂವತ್ತು ವರ್ಷ ಡಬ್ಬಿಗೆ ಡಬ್ಬಿ ಕೊಂಡಿ ಹಾಕಿದ ಕೈ ನನ್ನದು,
ಓಲೆಗೆ ಸಿಕ್ಕದಂತೆ, ಕೂದಲು ಎಳೆಯದಂತೆ
ಇದನ್ನು ಹಾಕಲು ಕಲಿಯುವುದಕ್ಕೆ
ಹನ್ನೆರಡು ರಾತ್ರಿ ಬೇಕಾಯಿತು.

"ಆನೆಮರಿ ಥರ ಕಾಣ್ತೀನಾ?"
"ಹ್ಞೂಂ."

ಉಸಿರು ಈಗ ನಿಲ್ಲುವುದಿಲ್ಲ.
ಎಣಿಸಲು ಏನೂ ಇಲ್ಲದೆ ನಾನೇ ಎಚ್ಚರ,
ಎರಡೂವರೆಯ ಗೂಡ್ಸು, ಮೂರೂ ಹತ್ತರದ್ದು.

ನಿನ್ನೆ ಬೆಳಗ್ಗೆ ಲೋಟವನ್ನು ಎರಡು ಅಂಗೈಯ ನಡುವೆ ಹಿಡಿದು
ನನ್ನ ಮುಖ ನೋಡದೆ ಹೇಳಿದಳು:
"ಗೆಣ್ಣು ಉರೀತಿದ್ದ ಕಾಲದಲ್ಲಿ
ನಾನು ರಾತ್ರಿಯೆಲ್ಲ ಎದ್ದಿರ್ತಿದ್ನಲ್ಲ,
ಆಗ ನಿಮ್ಮದೂ ನಿಲ್ತಿತ್ತು.
ಒಂಬತ್ತರ ತನಕ ಎಣಿಸಿದೀನಿ.
ಡ್ಯೂಟಿ ಸುಸ್ತು ಅಂದ್ಕೊಂಡೆ.
ಕುಡೀರಿ, ಕಾಫಿ ಆರುತ್ತೆ."