ಅಳತೆಯ ಪುಸ್ತಕ

ಡಿಸೆಂಬರ್ ಮೂವತ್ತೊಂದು, ರಾತ್ರಿ ಹತ್ತೂವರೆ.
ಸೆಕೊಂಡಿಯ ನಮ್ಮ ಚರ್ಚಿನಲ್ಲಿ ಕೂರಲು ಜಾಗವಿಲ್ಲ.
ಮರಳುಗಾಡಿನಿಂದ ಬಂದ ಹರ್ಮಟ್ಟಾನ್ ಧೂಳು
ಎಲ್ಲರ ಬಿಳಿ ಬಟ್ಟೆಯ ಮೇಲೂ ತೆಳ್ಳಗೆ ಕೂತಿದೆ.
ಅರ್ಧಕ್ಕರ್ಧ ಬಟ್ಟೆ ನಾನೇ ಹೊಲಿದದ್ದು.
ಯಾರ ಕಂಕುಳಲ್ಲಿ ಎಷ್ಟು ಬಿಟ್ಟಿದ್ದೇನೆ, ನನಗೆ ಗೊತ್ತು.

ಪಾಸ್ಟರು ಚೀಟಿ ಹಂಚಿಸಿದರು, ಜೊತೆಗೆ ಮೋಟು ಪೆನ್ಸಿಲ್ಲು.
ಬರುವ ವರ್ಷ ಏನಾಗಬೇಕೆಂದಿದ್ದೀರಿ, ಬರೆಯಿರಿ,
ಹನ್ನೆರಡಕ್ಕೆ ಪೆಟ್ಟಿಗೆಗೆ ಹಾಕಿ, ಪ್ರಾರ್ಥಿಸೋಣ.

ನನ್ನ ಕೈಗೆ ಅದು ಬಾಯಿಪಾಠ.
ಹತ್ತೊಂಬತ್ತು ವರ್ಷದಿಂದ ಅದೇ ಪಟ್ಟಿ:
ಕಾಣಿಕೆಯ ಮೆರವಣಿಗೆಯಲ್ಲಿ ಕುಂಟದೆ ನಡೆಯಬೇಕು.
ಸಿಟ್ಟು ಬಿಡಬೇಕು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು.
ಟಾಕೊರಾಡಿ ಮಾರುಕಟ್ಟೆಯಲ್ಲಿ ನನ್ನದೇ ಅಂಗಡಿ, ಗಾಜಿನ ಬಾಗಿಲು.
ತಂಗಿಯ ಹಾಗೆ ಆಗಬೇಕು.
ಈ ಕೊನೆಯದನ್ನು ಪ್ರತಿ ಸಲ ಬರೆದು ಹೊಡೆದುಹಾಕುತ್ತೇನೆ,
ದೇವರಿಗೆ ಓದಲು ಬರುವಷ್ಟು ತೆಳ್ಳಗೆ.

ಈ ಸಲ ಪೆನ್ಸಿಲ್ಲು ಏಳಲಿಲ್ಲ.
ಚೀಟಿಗೆ ಅಡಿಯಾಗಲೆಂದು ಚೀಲದಿಂದ ತೆಗೆದ
ಅಳತೆಯ ಪುಸ್ತಕ ತಾನೇ ತೆರೆದುಕೊಂಡಿತು.
ಮೀನಿಗೆ ಹೊಗೆ ಹಾಕುವ ಅಜೋಬಾ, ಮಧ್ಯಾಹ್ನವಷ್ಟೇ ಬಂದವಳು:
ಎದೆ ನಲವತ್ತಾರು. ಬಲ ಹೆಗಲು ಇಳುಕಲು, ಒಲೆಗೆ ಬಗ್ಗಿ ಬಗ್ಗಿ.
ಬರೆದುಕೊಂಡಿದ್ದೆ, ಅಷ್ಟೆ. ಛೇ ಅಂದಿರಲಿಲ್ಲ.
ಟೇಪು ಹಿಡಿದ ಇಷ್ಟು ವರ್ಷದಲ್ಲಿ ಒಬ್ಬರಿಗೂ ನಾನು,
ಬಟ್ಟೆ ಕತ್ತರಿಸಿ ಆಯಿತು,
ಇನ್ನು ಮೈ ಸರಿಮಾಡಿಕೊಂಡು ಬಾ, ಅಂದವಳಲ್ಲ.

ನನಗೆ ಮಾತ್ರ ಅಂದಿದ್ದೇನೆ. ಹತ್ತೊಂಬತ್ತು ಸಲ.
ಅದನ್ನು ಪ್ರಾರ್ಥನೆ ಅಂದುಕೊಂಡು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಎರಡು ಕಾಲಿಗೆ ಎರಡು ಅಳತೆ ಇದ್ದವಳು ಯಾವುದನ್ನು ಚಾಚಲಿ?
ನಾಲ್ಕು ವರ್ಷಕ್ಕೆ ಬಂದ ಜ್ವರ
ಎಡಗಾಲನ್ನು ಅಲ್ಲೇ ನಿಲ್ಲಿಸಿ ಹೋಯಿತು.
ನನ್ನ ಲಂಗದ ಅಂಚು ನೋಡಿ, ನೆಲಕ್ಕೆ ಸಮ.
ಬಿಚ್ಚಿ ಮೇಜಿನ ಮೇಲೆ ಹಾಸಿದರೆ ಸೊಟ್ಟ,
ಎಡಕ್ಕೆ ಒಂದೂಕಾಲು ಅಂಗುಲ ಗಿಡ್ಡ.
ಸೊಟ್ಟಗೆ ಕತ್ತರಿಸಿದ್ದಕ್ಕೇ ನೆಟ್ಟಗಿದೆ.
ನನ್ನ ಕತ್ತರಿಗೆ ಇದು ಯಾವತ್ತೋ ತಿಳಿದಿತ್ತು.

ಹೊಳೆಯ ದಂಡೆಯಲ್ಲಿ ಬೆಳಕು ಹರಿಯುವ ತನಕ
ದೇವರೊಡನೆ ಕುಸ್ತಿ ಹಿಡಿದವನ ಕಥೆ ನೆನಪಾಯಿತು,
ಭಾನುವಾರದ ಶಾಲೆಯಲ್ಲಿ ಕೇಳಿದ್ದು.
ಹರಸುವವರೆಗೂ ಬಿಡುವುದಿಲ್ಲವೆಂದು ಹಟ ಹಿಡಿದನಲ್ಲ,
ಸಿಕ್ಕಿತು ಆಶೀರ್ವಾದ, ಸಿಕ್ಕಿತು ಹೊಸ ಹೆಸರು,
ಜೊತೆಗೊಂದು ಕೀಲು ತಪ್ಪಿದ ತೊಡೆ.
ಸೂರ್ಯ ಹುಟ್ಟಿದಾಗ ಅವನು ಕುಂಟುತ್ತಿದ್ದ.
ಇದನ್ನೂ ಸರಿಮಾಡಿಕೊಡು ಎಂದು ಕೇಳಿದ್ದಾಗಿ
ಎಲ್ಲೂ ಬರೆದಿಲ್ಲ. ಕೇಳಿರಬಹುದು.
ನಾನಾದರೆ ಕೇಳುತ್ತಿದ್ದೆ.

ಹನ್ನೆರಡಕ್ಕೆ ಐದು ನಿಮಿಷ. ಬಂದರಿನಲ್ಲಿ
ಅವಸರದ ಹಡಗೊಂದು ಆಗಲೇ ಕೂಗಿತು. ಬರೆದೆ:

ಮಂಸಾಗೆ ಗುಂಡಿಯ ಕಾಜ ಕಲಿಸಿ ಮುಗಿಸುವುದು, ಈಸ್ಟರಿನೊಳಗೆ.
ಓವರ್‌ಲಾಕ್ ಮಿಷನ್ನಿನ ಸಾಲ, ತಿಂಗಳಿಗೆ ಇನ್ನೂರು ಸೆಡಿ.
ಸಿಟ್ಟು.
ಅದು ಪಟ್ಟಿಯಲ್ಲಿ ಉಳಿಯಿತು. ಸಿಟ್ಟು ಕಾಲಲ್ಲ,
ಜ್ವರ ಕೊಟ್ಟು ಹೋದದ್ದಲ್ಲ, ನಾನೇ ಸಾಕಿದ್ದು.
ಕಾಲಿನ ಸಾಲು ಬಿಟ್ಟೆ. ಬಿಟ್ಟ ಜಾಗ ಚೀಟಿಯಲ್ಲಿ
ಹಲ್ಲು ಬಿದ್ದ ಬಾಯಿಯಂತೆ ಕಂಡಿತು ಸ್ವಲ್ಪ ಹೊತ್ತು.
ಗಾಜಿನ ಬಾಗಿಲನ್ನೂ ಬರೆಯಲಿಲ್ಲ, ಬೇಡವೆಂದಲ್ಲ,
ಯಾರಿಗೆ ತೋರಿಸಲೆಂದು ಬೇಕಿತ್ತೋ ಆ ತಂಗಿ
ಮುಂದಿನ ಸಾಲಿನಲ್ಲಿ ಮಗುವಿನ ತಲೆಗೆ ತಲೆ ತಾಗಿಸಿ
ತೂಕಡಿಸುತ್ತಿದ್ದಳು. ಅವಳ ತೋಳಿನ ಹೊಲಿಗೆ ಬಿಟ್ಟಿತ್ತು.
ನಾಳೆ ಹಾಕಿಕೊಡಬೇಕು.

ಪ್ರಭುವೇ, ನಿನ್ನ ಹತ್ತಿರವೂ ಒಂದು ಪುಸ್ತಕವಿದ್ದರೆ
ನನ್ನ ಪುಟದಲ್ಲಿ ಎರಡು ಕಾಲಿನ ಅಳತೆಯೂ ಇರುತ್ತದೆ,
ಬೇರೆ ಬೇರೆಯಾಗಿ, ನಿನ್ನದೇ ಕೈಬರಹದಲ್ಲಿ.
ಪಕ್ಕದಲ್ಲಿ ಛೇ ಎಂದು ಇರಲಾರದು.
ಇದ್ದರೆ, ನೀನು ಒಳ್ಳೆಯ ದರ್ಜಿಯಲ್ಲ.

ಎದ್ದು ಪೆಟ್ಟಿಗೆಯತ್ತ ಹೋದೆ, ಎಲ್ಲರೂ ನೋಡುವ ಹಾಗೆ, ನನ್ನ ನಡಿಗೆಯಲ್ಲೇ.
ಆಮೆನ್‌ನ ನಡುವೆ ಅಜೋಬಾ ಸೆರಗು ಜಗ್ಗಿದಳು:
ನನ್ನ ಬಟ್ಟೆ ಬುಧವಾರಕ್ಕೆ ತಾನೇ?

ಯಾವಾಗಲೂ ಹೂಂ ಅನ್ನುವವಳು ನಾನು.
ಶನಿವಾರ, ಅಂದೆ.
ಬುಧವಾರಕ್ಕೆ ನನ್ನ ಕೈಲಾಗುವುದಿಲ್ಲ.